ಕರಟದಿಂದ ಆನೋಡ್: ರಂಧ್ರ ಬೇಕು, ಬಾಯಿ ತೆರೆದಿರಬಾರದು

ಸೋಡಿಯಂ ಬ್ಯಾಟರಿಯ ಆನೋಡಿಗೆ (ಋಣ ವಿದ್ಯುದ್ವಾರಕ್ಕೆ) ತೆಂಗಿನ ಕರಟ ಬಳಸುತ್ತಿದ್ದೇನೆ ಎಂದಾಗಲೆಲ್ಲ ಬರುವ ಪ್ರಶ್ನೆ ಒಂದೇ: ನೀರಿನ ಫಿಲ್ಟರಿಗೆ ಹಾಕುವ ಕರಟದ ಇದ್ದಿಲು ಪುಡಿ ಅಂಗಡಿಯಲ್ಲೇ ಸಿಗುತ್ತದಲ್ಲ, ಅದನ್ನೇ ಹಾಕಬಾರದೆ? ನಾನು ಅದನ್ನೂ ಹೋಲಿಕೆಗಾಗಿ ಪರೀಕ್ಷಿಸಿದೆ. ಮೊದಲ ಸಲ ತುಂಬಿದ ಸೋಡಿಯಂನಲ್ಲಿ ದೊಡ್ಡ ಪಾಲು ಮರಳಿ ಬರಲೇ ಇಲ್ಲ. ಫಿಲ್ಟರ್ ಪುಡಿಯ ಒಂದು ಗ್ರಾಮಿನಲ್ಲಿ ಸಾವಿರ ಚದರ ಮೀಟರಿನಷ್ಟು ತೆರೆದ ಮೇಲ್ಮೈ ಇರಬಹುದು. ಬ್ಯಾಟರಿಯೊಳಗೆ ಅಯಾನುಗಳನ್ನು ಒಯ್ಯುವ ದ್ರಾವಣ, ಅಂದರೆ ಎಲೆಕ್ಟ್ರೋಲೈಟ್, ಅಷ್ಟಕ್ಕೂ ನುಗ್ಗಿ, ಒಡೆದು, ಪದರ ಕಟ್ಟುತ್ತದೆ. ಆ ಪದರಕ್ಕೇ ಸೋಡಿಯಂ ಖರ್ಚಾಗುತ್ತದೆ.

ಲಿಥಿಯಂ ಬ್ಯಾಟರಿಯಲ್ಲಿ ಆನೋಡಿಗೆ ಗ್ರಾಫೈಟ್ ಇದೆ, ಗ್ರಾಮಿಗೆ 372 ಮಿಲಿಆಂಪಿಯರ್ ಗಂಟೆ ಅದರ ಮಿತಿ. ಸೋಡಿಯಂ ಗ್ರಾಫೈಟಿನ ಇಂಗಾಲದ ಪದರಗಳ ನಡುವೆ ಸೇರುವುದು ತೀರಾ ಕಡಿಮೆ. 2000ರಲ್ಲಿ ಕೆನಡಾದ ಸ್ಟೀವನ್ಸ್ ಮತ್ತು ಡಾನ್ ಗ್ಲೂಕೋಸ್ ಸುಟ್ಟು ತಯಾರಿಸಿದ ಹಾರ್ಡ್ ಕಾರ್ಬನ್‌ನಲ್ಲಿ (ಪದರಗಳು ಅಡ್ಡಾದಿಡ್ಡಿಯಾಗಿರುವ ಇಂಗಾಲದಲ್ಲಿ) 300ರಷ್ಟು ಸೋಡಿಯಂ ಸಾಮರ್ಥ್ಯ ತೋರಿಸಿದರು. ನಾನು ಹಿಡಿದದ್ದು ಅದೇ ದಾರಿ, ಗ್ಲೂಕೋಸ್ ಬದಲು ಕರಟ.

ನಾರು ಕೆರೆದು, ಕುಟ್ಟಿ, ನೈಟ್ರೋಜನ್ ಹರಿಸುತ್ತ ಮೊದಲು 500–600 ಡಿಗ್ರಿಯಲ್ಲಿ ಇದ್ದಿಲು ಮಾಡುತ್ತೇನೆ. ಈ ಹಂತದಲ್ಲಿ ಬರುವ ಡಾಂಬರು ಹೊರಹೋಗುವ ಕೊಳವೆಯನ್ನು ಕಟ್ಟಿಹಾಕುತ್ತದೆ. ಆ ಕೊಳವೆ ಅಗಲವಾಗಿರಲಿ. ಆಮೇಲೆ ನುಣ್ಣಗೆ ಅರೆದು, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆಯಬೇಕು. ಕರಟದಲ್ಲಿ ಪೊಟ್ಯಾಸಿಯಂ ಇದೆ, ಅದನ್ನು ಹಾಗೇ ಬಿಟ್ಟರೆ ಮುಂದಿನ ಕಾವಿನಲ್ಲಿ ಕಾರ್ಬನ್ನನ್ನು ಕೊರೆದು ಹೊಸ ರಂಧ್ರ ತೆರೆಯುತ್ತದೆ. ಫಿಲ್ಟರಿನವರಿಗೆ ಅದೇ ಲಾಭ, ನನಗೆ ನಷ್ಟ. ನೀರು ತಟಸ್ಥವಾಗುವವರೆಗೆ ತೊಳೆಯುವುದು ಬೇಸರದ ಕೆಲಸ, ಆದರೆ ದುಬಾರಿ ಉಪಕರಣಗಳಿಗಿಂತ ಹೆಚ್ಚು ಫಲ ಕೊಟ್ಟದ್ದು ಇದೇ.

ಒಣಗಿದ ಪುಡಿ ಅಲ್ಯೂಮಿನಾ ದೋಣಿಯಲ್ಲಿ (ಕಾವು ತಡೆಯುವ ಪುಟ್ಟ ಪಾತ್ರೆಯಲ್ಲಿ) ಆರ್ಗಾನ್ ನಡುವೆ 1300 ಡಿಗ್ರಿಗೆ ನಿಧಾನವಾಗಿ ಏರುತ್ತದೆ. ಕಾವು ಕಡಿಮೆಯಾದರೆ ರಂಧ್ರಗಳ ಬಾಯಿ ತೆರೆದೇ ಉಳಿಯುತ್ತದೆ. ಅತಿಯಾದರೆ ಇಂಗಾಲದ ಪದರಗಳು ಹತ್ತಿರ ಸರಿದು ಸೋಡಿಯಂಗೆ ಜಾಗ ಬಿಡುವುದಿಲ್ಲ. ನಡುವಿನ ಹದದಲ್ಲಿ ಒಳಗೆ ಪೊಳ್ಳು, ಹೊರಗೆ ಮುಚ್ಚಳ: ಎಲೆಕ್ಟ್ರೋಲೈಟ್ ಒಳಬಾರದು, ಸೋಡಿಯಂ ಅಯಾನು ಮಾತ್ರ ನುಸುಳಬಹುದು. ನೈಟ್ರೋಜನ್ ಅನಿಲದಿಂದ ಮೇಲ್ಮೈ ಅಳೆದಾಗ ಅಂಕಿ ಚಿಕ್ಕದು ಬಂದರೆ ನಾನು ಹಿಗ್ಗುತ್ತೇನೆ. ಮುಚ್ಚಿದ ರಂಧ್ರ ಆ ಅಳತೆಗೆ ಕಾಣುವುದೇ ಇಲ್ಲ. ಅದಕ್ಕೆ ಕಿರುಕೋನದ ಎಕ್ಸ್‌ರೇ ಚದುರಿಕೆ ಬೇಕು.

ಲೇಪನ ಸುಲಭ. ಪುಡಿ, ವಿದ್ಯುತ್ ಹರಿಯಲು ಸ್ವಲ್ಪ ಕಾರ್ಬನ್ ಬ್ಲ್ಯಾಕ್, ಅಂಟಿಗೆ ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್), ನೀರು: ದೋಸೆ ಹಿಟ್ಟಿನಂತೆ ಕಲಸಿ ಅಲ್ಯೂಮಿನಿಯಂ ಹಾಳೆಯ ಮೇಲೆ ಎಳೆಯುತ್ತೇನೆ. ಲಿಥಿಯಂ ಆನೋಡಿಗಾದರೆ ತಾಮ್ರದ ಹಾಳೆಯೇ ಬೇಕು, ಏಕೆಂದರೆ ಕಡಿಮೆ ವೋಲ್ಟೇಜಿನಲ್ಲಿ ಲಿಥಿಯಂ ಅಲ್ಯೂಮಿನಿಯಂ ಜೊತೆ ಮಿಶ್ರಲೋಹವಾಗುತ್ತದೆ. ಸೋಡಿಯಂಗೆ ಆ ಚಾಳಿ ಇಲ್ಲ. ಹಾಳೆಯ ಖರ್ಚು ಇಳಿಯುವುದು ಇಲ್ಲಿ.

ಗಾಳಿ, ತೇವ ಸೋಕದ ಗ್ಲೋವ್ ಬಾಕ್ಸಿನೊಳಗೆ ಎಣ್ಣೆಯಲ್ಲಿದ್ದ ಸೋಡಿಯಂ ತುಂಡಿನ ಸಿಪ್ಪೆ ಕೆತ್ತಿ, ಲಟ್ಟಿಸಿ, 2032 ಅಳತೆಯ ಗುಂಡಿ ಸೆಲ್ ಕಟ್ಟಿದೆ. ಸಾಮರ್ಥ್ಯದ ಬಹುಪಾಲು 0.1 ವೋಲ್ಟ್ ಆಸುಪಾಸಿನ ಸಮತಟ್ಟು ಗೆರೆಯಲ್ಲೇ ಬಂದಿತು. ಆದರೂ ಇಂಥ ಅರೆ ಸೆಲ್‌ನ ಅಂಕಿ ತೋರಿಸಿ ಬೀಗುವವರನ್ನು ನಾನು ನಂಬುವುದಿಲ್ಲ. ಅದರಲ್ಲಿ ಎದುರಿಗಿರುವುದು ಸೋಡಿಯಂ ಲೋಹವೇ, ನಷ್ಟವಾದಷ್ಟೂ ತುಂಬಿಕೊಡುತ್ತದೆ. ನಿಜವಾದ ಸೆಲ್‌ನಲ್ಲಿ ಸೋಡಿಯಂ ಬರುವುದು ಕ್ಯಾಥೋಡಿನಿಂದ (ಧನ ವಿದ್ಯುದ್ವಾರದಿಂದ) ಮಾತ್ರ, ಮೊದಲ ತುಂಬುವಿಕೆಯಲ್ಲಿ ಕಳೆದದ್ದು ಕಳೆದಂತೆಯೇ. ಹಾಗಾಗಿ ಈಗ ಕ್ಯಾಥೋಡ್ ಎದುರಿಟ್ಟ ಪೂರ್ಣ ಸೆಲ್‌ಗಳನ್ನೇ ಓಡಿಸುತ್ತಿದ್ದೇನೆ, ಬೇರೆ ಬೇರೆ ತೋಟಗಳ ಕರಟವನ್ನು ಬೇರೆ ಬೇರೆಯಾಗಿ ತೊಳೆದು.