ಹರಿಕೇನ್ ನಕ್ಷೆ ಓದುವಾಗ ನಡುವಿನ ಗೆರೆಯನ್ನು ಮರೆತುಬಿಡಿ

ಫ್ಲಾರಿಡಾ, ಟೆಕ್ಸಾಸ್ ಕಡೆ ಮಕ್ಕಳೋ ತಂಗಿಯೋ ಇರುವ ಮನೆಗಳಿಗೆ ಸೆಪ್ಟೆಂಬರ್ ಬಂತೆಂದರೆ ವಾಟ್ಸ್‌ಆ್ಯಪ್‌ನಲ್ಲಿ ಹರಿಕೇನ್, ಅಂದರೆ ಅಲ್ಲಿನ ಚಂಡಮಾರುತದ, ಒಂದು ನಕ್ಷೆ ಬಂದೇ ಬರುತ್ತದೆ. ಸಮುದ್ರದ ಮೇಲೆ ಬಿಳಿಯ ಕೋನ್, ನಡುವೆ ಒಂದು ಗೆರೆ. ಬೆನ್ನಿಗೇ ಸಂದೇಶ: ‘ಗೆರೆ ನಮ್ಮೂರಿನ ಮೇಲೆ ಹೋಗಿಲ್ಲ, ಚಿಂತೆ ಬೇಡ’. ನಕ್ಷೆಯಲ್ಲಿ ತಪ್ಪಿಲ್ಲ, ಓದಿದ್ದರಲ್ಲಿದೆ.

1. ಹೆಸರುಗಳು. ಇದು ಸುಲಭ. ಬಿರುಗಾಳಿಯ ಒಂದು ನಿಮಿಷದ ಸರಾಸರಿ ಗಾಳಿ ಗಂಟೆಗೆ 63 ಕಿ.ಮೀ. ಮುಟ್ಟುವ ತನಕ ಅದು ಡಿಪ್ರೆಶನ್, ಮುಟ್ಟಿದರೆ ಟ್ರಾಪಿಕಲ್ ಸ್ಟಾರ್ಮ್. ನಾಮಕರಣ ಆಗುವುದು ಆಗಲೇ. 119 ತಲುಪಿದರೆ ಹರಿಕೇನ್. ನಕ್ಷೆಯಲ್ಲಿ ಇವಕ್ಕೆ ಡಿ, ಎಸ್, ಎಚ್ ಅಕ್ಷರಗಳು. ‘ಎಂ’ ಎಂದಿದ್ದರೆ ಮೇಜರ್, ಅಂದರೆ 178 ಕಿ.ಮೀ. ಇಲ್ಲವೇ ಅದಕ್ಕೂ ಮೇಲೆ.

2. ಕೋನ್. ಎಲ್ಲರೂ ಎಡವುವುದು ಇಲ್ಲೇ. ಕೋನ್ ಅಗಲವಾಗಿದ್ದರೆ ಬಿರುಗಾಳಿ ದೊಡ್ಡದು ಎಂದುಕೊಳ್ಳುತ್ತಾರೆ. ಅಲ್ಲವೇ ಅಲ್ಲ. ಮಿಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್‌ನವರು ಹಿಂದಿನ ಐದು ವರ್ಷ ತಮ್ಮ ಲೆಕ್ಕ ಎಷ್ಟೆಷ್ಟು ದೂರ ತಪ್ಪಿತ್ತೆಂದು ನೋಡಿ, ಮೂರರಲ್ಲಿ ಎರಡು ಪಾಲು ತಪ್ಪುಗಳು ಒಳಗೆ ಬೀಳುವಷ್ಟು ದೊಡ್ಡ ವೃತ್ತಗಳನ್ನು ಎಳೆದು ಅವುಗಳ ಅಂಚು ಸೇರಿಸುತ್ತಾರೆ. ಅದೇ ಕೋನ್. ಐದನೇ ದಿನದ ಕಡೆ ಅದು ಅಗಲವಾಗುವುದು ಅಷ್ಟು ಮುಂದಿನದನ್ನು ಹೇಳುವುದು ಕಷ್ಟ ಎಂಬ ಕಾರಣಕ್ಕೆ.

ಇದರಿಂದ ಎರಡು ಮಾತು ಹೊರಡುತ್ತವೆ. ಒಂದು, ಕೋನ್ ಹೇಳುವುದು ಬಿರುಗಾಳಿಯ ನಡುಭಾಗ ಎಲ್ಲಿ ಹೋದೀತು ಎಂಬುದನ್ನು ಮಾತ್ರ. ಗಾಳಿ, ಮಳೆ, ಉಕ್ಕುವ ಸಮುದ್ರ ಎಲ್ಲವೂ ಅದರಾಚೆಗೂ ಹಬ್ಬಿರುತ್ತವೆ. ಇನ್ನೊಂದು, ಆ ನಡುಭಾಗವೇ ಕೋನ್ ಬಿಟ್ಟು ಹೊರಗೆ ಹೋಗುವುದೂ ಅಪರೂಪವಲ್ಲ. ಇನ್ನು ಬರೀ ಗೆರೆ ನಂಬಿದರೆ ಏನಾಗುತ್ತದೆ ಎಂಬುದಕ್ಕೆ 2022ರ ಹರಿಕೇನ್ ಇಯಾನ್ ನೋಡಿ. ಕೆಲ ದಿನ ಮೊದಲು ಗೆರೆ ಫ್ಲಾರಿಡಾದ ಟ್ಯಾಂಪಾ ಕಡೆ ತೋರಿಸುತ್ತಿತ್ತು. ಸೆಪ್ಟೆಂಬರ್ 28ರಂದು ಇಯಾನ್ ದಡಕ್ಕೆ ಬಂದದ್ದು ಎಷ್ಟೋ ದಕ್ಷಿಣಕ್ಕಿರುವ ಕಾಯೊ ಕೋಸ್ಟಾದಲ್ಲಿ. 2004ರ ಚಾರ್ಲಿಯೂ ಹಾಗೆಯೇ, ಟ್ಯಾಂಪಾ ಎಂದು ಕಾದವರನ್ನು ಬಿಟ್ಟು ಪಂಟಾ ಗೋರ್ಡಾ ಕಡೆ ತಿರುಗಿತು.

ನನ್ನನ್ನು ಕೇಳಿದರೆ, ಕೋನ್ ಪಕ್ಕಕ್ಕಿಟ್ಟು ‘ಗಾಳಿ ಯಾವಾಗ ಮುಟ್ಟೀತು’ ಎಂದು ತೋರಿಸುವ ನಕ್ಷೆ ತೆರೆಯಿರಿ. ಅದೇ ಸೆಂಟರ್‌ನ ಜಾಲತಾಣದಲ್ಲಿದೆ. 63 ಕಿ.ಮೀ. ಗಾಳಿ ಬೀಸತೊಡಗಿದ ಮೇಲೆ ಏಣಿ ಹತ್ತಿ ಕಿಟಕಿಗೆ ಹಲಗೆ ಹೊಡೆಯಲಾಗದು. ಕೆಲಸ ಅದಕ್ಕೆ ಮೊದಲೇ ಮುಗಿದಿರಬೇಕು. (ಗಾಜಿಗೆ ಟೇಪ್ ಅಂಟಿಸುವುದು ಬರೀ ಟೇಪ್ ದಂಡ.) ಹತ್ತಾರು ಬಣ್ಣದ ಗೆರೆಗಳನ್ನು ಶಾವಿಗೆಯಂತೆ ಹರಡಿ ತೋರಿಸುವ ಆ್ಯಪ್‌ಗಳನ್ನಂತೂ ಇವತ್ತೇ ತೆಗೆದುಹಾಕಿ. ಅದರಲ್ಲಿ ಪ್ರತಿಯೊಬ್ಬರೂ ತಮಗೆ ಹಿತವಾದ ಗೆರೆಯನ್ನೇ ಆರಿಸಿಕೊಳ್ಳುತ್ತಾರೆ.

3. ವಾಚ್, ವಾರ್ನಿಂಗ್. ಕನ್ನಡದಲ್ಲಿ ಎರಡನ್ನೂ ‘ಎಚ್ಚರಿಕೆ’ ಎಂದೇ ಬರೆದುಬಿಡುತ್ತೇವೆ, ಎಡವಟ್ಟು ಅಲ್ಲೇ ಶುರು. ನಾನು ಮನೆಯಲ್ಲಿ ಹೇಳಿಕೊಟ್ಟಿರುವುದು ಇಷ್ಟೇ: ವಾಚ್ ಎಂದರೆ ‘ಬರಬಹುದು’, ವಾರ್ನಿಂಗ್ ಎಂದರೆ ‘ಬರುತ್ತೆ’. ಹರಿಕೇನ್ ವಾಚ್ ಸಾಮಾನ್ಯವಾಗಿ 48 ಗಂಟೆ ಮೊದಲು, ವಾರ್ನಿಂಗ್ 36 ಗಂಟೆ ಮೊದಲು. ಯಾವುದಕ್ಕಿಂತ ಮೊದಲು? ಬಿರುಗಾಳಿಯ ಕಣ್ಣು ದಡ ಮುಟ್ಟುವುದಕ್ಕಲ್ಲ, ಆ 63 ಕಿ.ಮೀ. ಗಾಳಿ ಶುರುವಾಗುವುದಕ್ಕೆ. ಕಣ್ಣಿನ ಲೆಕ್ಕ ಹಿಡಿದು ಕೂತವರಿಗೆ ಅರ್ಧ ದಿನ ಕೈತಪ್ಪಿದರೂ ತಪ್ಪಿತು.

4. ಕೆಟಗರಿ. ಒಂದರಿಂದ ಐದರವರೆಗಿನ ಈ ಅಂಕಿ ಗಾಳಿಯ ವೇಗವನ್ನಷ್ಟೇ ಹೇಳುತ್ತದೆ. ನೀರಿನ ಬಗ್ಗೆ ಏನೂ ಹೇಳುವುದಿಲ್ಲ. ‘ಬರೀ ಎರಡು’ ಎಂದು ಹಗುರವಾಗಿ ಹೇಳುವವರಿಗೆ 2008ರ ಐಕ್ ಉತ್ತರ: ಕೆಟಗರಿ 2 ಆಗಿಯೇ ಟೆಕ್ಸಾಸ್ ದಡಕ್ಕೆ ಬಂದು, ಬೊಲಿವರ್ ಪರ್ಯಾಯದ್ವೀಪದ ಮೇಲೆ 15ರಿಂದ 20 ಅಡಿ ಸಮುದ್ರ ತಂದು ಸುರಿಯಿತು. 2017ರ ಹಾರ್ವಿ ಹರಿಕೇನ್ ಪಟ್ಟ ಕಳೆದುಕೊಂಡು ಬರೀ ಟ್ರಾಪಿಕಲ್ ಸ್ಟಾರ್ಮ್ ಆದ ಮೇಲೆ ಹ್ಯೂಸ್ಟನ್ ಅನ್ನು ಮುಳುಗಿಸಿತು. ಆದ್ದರಿಂದ ಸಮುದ್ರ ಉಕ್ಕಿ ಬರುವುದರ ಬಗ್ಗೆ ಹೇಳುವ ‘ಸ್ಟಾರ್ಮ್ ಸರ್ಜ್ ವಾರ್ನಿಂಗ್’ ಎಂಬುದನ್ನು ಬೇರೆಯಾಗಿಯೇ ಹುಡುಕಿ ಓದಿ. 2017ರಿಂದ ಅದನ್ನು ಪ್ರತ್ಯೇಕವಾಗಿ ಕೊಡುತ್ತಿದ್ದಾರೆ. ಅದರಲ್ಲಿ ‘ನೆಲದಿಂದ 6 ಅಡಿ’ ಎಂದಿದ್ದರೆ ನೀವು ನಿಂತ ನೆಲದಿಂದಲೇ, ಅಂದರೆ ತಲೆ ಮುಳುಗುವಷ್ಟು.

5. ಹೊರಡುವುದು. ಮನೆ ಬಿಡಿ ಎಂಬ ಆದೇಶ ಹರಿಕೇನ್ ಸೆಂಟರ್‌ನಿಂದ ಬರುವುದಿಲ್ಲ, ಸ್ಥಳೀಯ ಆಡಳಿತದಿಂದ ಬರುತ್ತದೆ. ಮನೆ ಬಿಡಿಸಬೇಕಾದ ಪ್ರದೇಶಗಳನ್ನು ಫ್ಲಾರಿಡಾದಲ್ಲಿ ‘ಎ’ ಜೋನ್, ‘ಬಿ’ ಜೋನ್ ಎಂದು ಕರೆಯುತ್ತಾರೆ. ವಿಮೆಯ ಕಾಗದದಲ್ಲಿರುವ ಪ್ರವಾಹ ಜೋನ್ ಬೇರೆ, ಇದು ಬೇರೆ. ಎರಡರಲ್ಲೂ ‘ಎ’ ಇರುವುದರಿಂದ ಎಷ್ಟೋ ಜನ ಬೆರೆಸಿಕೊಳ್ಳುತ್ತಾರೆ.

ಇಲ್ಲಿ ಕೂತು ನೋಡುವವರಿಗೆ ಸಮಯದ ಲೆಕ್ಕ: ಹರಿಕೇನ್ ಸೆಂಟರ್‌ನ ಹೊಸ ಪೂರ್ಣ ಪ್ರಕಟಣೆ ಬರುವುದು ಆರು ಗಂಟೆಗೊಮ್ಮೆ. ಭಾರತದಲ್ಲಿ ಅದು ಬೆಳಿಗ್ಗೆ 8.30, ಮಧ್ಯಾಹ್ನ 2.30, ರಾತ್ರಿ 8.30, ಮತ್ತೆ ನಡುರಾತ್ರಿ 2.30. ನಡುವೆ ಫಾರ್ವರ್ಡ್ ಆಗಿ ಬಂದ ನಕ್ಷೆಯ ಮೂಲೆಯಲ್ಲಿ ತಾರೀಕು, ಗಂಟೆ ನೋಡಿ, ಹಳೆಯದಾಗಿದ್ದರೆ ಅಳಿಸಿ. ಫೋನ್ ಮಾಡಿದಾಗ ‘ಗಾಳಿ ಹೇಗಿದೆ’ ಎನ್ನುವ ಬದಲು ‘ನಿಮ್ಮ ಮನೆ ಯಾವ ಜೋನ್‌ನಲ್ಲಿದೆ’ ಎಂದು ಕೇಳಿ.