ತಾಮ್ರದ ಸಲ್ಫೈಡ್ ನಿಕ್ಷೇಪವನ್ನು ಮೇಲಿನಿಂದ ಕೆಳಕ್ಕೆ ಓದುವ ಕ್ರಮ

ತಾಮ್ರ ಗಂಧಕದೊಡನೆ ಕೂಡಿರುವ, ಎಂದರೆ ಸಲ್ಫೈಡ್ ರೂಪದ, ನಿಕ್ಷೇಪವೊಂದರ ಭೂವಿಜ್ಞಾನವನ್ನೂ ಅಲ್ಲಿನ ಗಣಿಗಾರಿಕೆಯ ಇತಿಹಾಸವನ್ನೂ ಬೇರೆಬೇರೆಯಾಗಿ ಓದಿದರೆ ಎರಡೂ ಅರ್ಧದಷ್ಟೇ ತಿಳಿಯುತ್ತವೆ. ನೆಲದೊಳಗಿನ ಅದಿರು ಆಳಕ್ಕೆ ತಕ್ಕಂತೆ ಬದಲಾಗುವುದರಿಂದ, ಅದನ್ನು ಅಗೆದವರ ಕಸುಬೂ ಅದೇ ಕ್ರಮದಲ್ಲಿ ಬದಲಾಗಿರುತ್ತದೆ.

ಮೊದಲು ನೆಲದ ಮೇಲೆ ತುಕ್ಕಿನ ಬಣ್ಣದ, ತೂತುತೂತಾದ ಬಂಡೆಯನ್ನು ಹುಡುಕಿರಿ. ಗಾಸನ್ ಎಂಬ ಹೆಸರಿನ ಈ ಬಂಡೆ, ಮಳೆನೀರು ಮತ್ತು ಆಮ್ಲಜನಕ ಸೇರಿ ಕಬ್ಬಿಣ ಮತ್ತು ಗಂಧಕದ ಖನಿಜವಾದ ಪೈರೈಟನ್ನು ಕರಗಿಸಿ ಗಂಧಕಾಮ್ಲವನ್ನು ಹುಟ್ಟಿಸಿದ ಮೇಲೆ ಉಳಿದ ಕಬ್ಬಿಣದ ಶೇಷ. ಒಂದು ಚೂರನ್ನು ಭೂತಗನ್ನಡಿಯಲ್ಲಿ ನೋಡಿದರೆ, ಪೈರೈಟಿನ ಘನಾಕೃತಿಯ ಹರಳುಗಳು ಕೂತಿದ್ದ ಚೌಕಾಕಾರದ ಗುಳಿಗಳು ಹಾಗೆಯೇ ಉಳಿದಿರುವುದು ಕಾಣಬಹುದು. ಬಿರುಕುಗಳಲ್ಲಿ ಕಿಲುಬಿನಂತೆ ಹಸಿರಾಗಿ ಕೂತಿರುವುದು ಗಂಧಕವಿಲ್ಲದ ತಾಮ್ರದ ಖನಿಜವಾದ ಮ್ಯಾಲಕೈಟ್. ಆದರೆ ಹಸಿರು ಕಂಡ ಮಾತ್ರಕ್ಕೆ ನಿಕ್ಷೇಪ ದೊಡ್ಡದೆಂದು ಬಗೆಯಬಾರದು. ಅತ್ಯಲ್ಪ ತಾಮ್ರವೂ ಬಹಳಷ್ಟು ಕಲ್ಲಿಗೆ ಬಣ್ಣ ಬಳಿಯಬಲ್ಲದು.

ಆಮ್ಲದಲ್ಲಿ ಕರಗಿ ಇಳಿದ ತಾಮ್ರ ಅಂತರ್ಜಲದ ಮಟ್ಟದ ಕೆಳಗೆ ಮತ್ತೆ ಸಲ್ಫೈಡಾಗಿ ಕೂಡಿಕೊಳ್ಳುತ್ತದೆ. ಮೂಲ ಅದಿರಾದ ಚಾಲ್ಕೊಪೈರೈಟಿನಲ್ಲಿ ತಾಮ್ರ ತೂಕದ ಶೇ. 34.6ರಷ್ಟಿದ್ದರೆ, ಇಲ್ಲಿ ಸಿಗುವ ಚಾಲ್ಕೊಸೈಟಿನಲ್ಲಿ ಸುಮಾರು ಶೇ. 80ರಷ್ಟಿರುತ್ತದೆ. ಗಣಿಯ ಏಳಿಗೆಯ ವರ್ಷಗಳನ್ನು ಹಳೆಯ ದಾಖಲೆಗಳಲ್ಲಿ ಹುಡುಕುವಾಗ ಈ ಪದರವನ್ನು ಮುಟ್ಟಿದ ಕಾಲವನ್ನು ಗಮನಿಸಿರಿ. ಅಮೆರಿಕದ ಬ್ಯೂಟ್‌ನಲ್ಲಿ ಬೆಳ್ಳಿಗೆಂದು ತೋಡುತ್ತಿದ್ದ ಅನಕೊಂಡ ಗಣಿಯಲ್ಲಿ 1882ರಲ್ಲಿ ಸಿಕ್ಕ ಚಾಲ್ಕೊಸೈಟು ಆ ಊರನ್ನೇ ತಾಮ್ರದ ಊರಾಗಿಸಿತು.

ಇನ್ನೂ ಕೆಳಗಿನ ಮೂಲ ಅದಿರನ್ನು ಗುರುತಿಸಲು ಉಕ್ಕಿನ ಚಾಕು ಸಾಕು. ಹಿತ್ತಾಳೆಯ ಹಳದಿಯ ಚಾಲ್ಕೊಪೈರೈಟಿನ ಮೇಲೆ ಗೀರು ಬೀಳುತ್ತದೆ, ಪೈರೈಟಿನ ಮೇಲೆ ಸಾಮಾನ್ಯವಾಗಿ ಬೀಳುವುದಿಲ್ಲ.

ಬಳಿಕ, ಅದಿರನ್ನು ಕರಗಿಸಿ ಲೋಹ ತೆಗೆದ ಮೇಲೆ ಉಳಿದ ಕಿಟ್ಟದ ರಾಶಿಗಳನ್ನು ನೋಡಿರಿ. ಮ್ಯಾಲಕೈಟನ್ನು ಇದ್ದಿಲಿನೊಂದಿಗೆ ನೇರವಾಗಿ ಕರಗಿಸಬಹುದು. ಸಲ್ಫೈಡನ್ನಾದರೋ ಮೊದಲು ಸುಟ್ಟು ಗಂಧಕವನ್ನು ಹೊಗೆಯಾಗಿಸಿ ಓಡಿಸಬೇಕು. ಆದ್ದರಿಂದ ಅದಿರು ಸುಟ್ಟ ನೆಲ ಎಲ್ಲಿತ್ತು, ಹೊಗೆ ಯಾರ ಹೊಲದ ಮೇಲೆ ಹಾಯ್ದಿತು ಎಂಬುದನ್ನು ತಪ್ಪದೆ ವಿಚಾರಿಸಬೇಕು. ನನ್ನ ಮಟ್ಟಿಗೆ ಗಣಿಯ ಇತಿಹಾಸದ ಮುಖ್ಯ ಪುಟ ಇದೇ. ಸ್ಪೇನಿನ ರಿಯೊ ಟಿಂಟೊದಲ್ಲಿ ಬಯಲಿನಲ್ಲೇ ಅದಿರು ಸುಡುವುದನ್ನು ವಿರೋಧಿಸಿ 1888ರ ಫೆಬ್ರುವರಿ 4ರಂದು ಸೇರಿದ ರೈತರು ಮತ್ತು ಗಣಿಕಾರ್ಮಿಕರ ಮೇಲೆ ಸೈನಿಕರು ಗುಂಡು ಹಾರಿಸಿದರು.

ಹಳೆಯ ಸುರಂಗಗಳೊಳಗೆ ಕಾಲಿಡಬೇಡಿರಿ; ಅಲ್ಲಿಂದ ಜಿನುಗುವ ಕೆಂಪು ನೀರನ್ನು ಬರಿಗೈಯಿಂದ ಮುಟ್ಟಬೇಡಿರಿ. ಆ ನೀರಿನಲ್ಲಿ ತಾಮ್ರ ಕರಗಿದೆಯೇ ಎಂದು ತಿಳಿಯಲು, ಉಜ್ಜಿದ ಕಬ್ಬಿಣದ ಮೊಳೆಯೊಂದನ್ನು ದಾರಕ್ಕೆ ಕಟ್ಟಿ ಸ್ವಲ್ಪ ಹೊತ್ತು ಇಳಿಬಿಡಿರಿ. ತಾಮ್ರ ಸಾಕಷ್ಟಿದ್ದರೆ ಮೊಳೆಯ ಮೈಮೇಲೆ ಕೆಂಪು ಲೇಪ ಕೂರುತ್ತದೆ. ರಿಯೊ ಟಿಂಟೊದವರು ಗಣಿಯ ನೀರಿನಿಂದ ತಾಮ್ರವನ್ನು ದೊಡ್ಡ ಪ್ರಮಾಣದಲ್ಲಿ ಹಿಂಪಡೆದದ್ದೂ ಹೀಗೆ ಕಬ್ಬಿಣದ ಮೇಲೆ ನೀರು ಹಾಯಿಸಿಯೇ.