ಅವಳ ಜೊತೆ ಹೋಗುವವರಿಗೆ

ಕ್ಯಾಷುವಾಲ್ಟಿಯಲ್ಲಿ ಡಾಕ್ಟರ್ ಕೇಳಿದ್ದು ಒಂದೇ ಮಾತು, "ಹೇಗಾಯ್ತಮ್ಮ?" ನನ್ನ ಗೆಳತಿ ಬಾಯಿ ತೆರೆಯುವ ಮುಂಚೆಯೇ ಅವಳ ಅತ್ತೆ "ಬಚ್ಚಲಲ್ಲಿ ಜಾರಿಬಿದ್ದಳು ಸಾರ್" ಅಂದುಬಿಟ್ಟರು. ಡಾಕ್ಟರ್ ಹಾಗೇ ಬರೆದುಕೊಂಡರು. ಪಕ್ಕದಲ್ಲೇ ನಿಂತಿದ್ದ ನಾನೂ ಸುಮ್ನಿದ್ದೆ, ಮೊದಲು ಹೊಲಿಗೆ ಹಾಕಲಿ, ಆಮೇಲೆ ನೋಡೋಣ ಅಂತ. ಆ ಚೀಟಿ ಎಂಟು ತಿಂಗಳ ಮೇಲೆ ಕೋರ್ಟಿನಲ್ಲಿ ಮತ್ತೆ ಎದ್ದು ಬಂತು, ಎದುರಿನ ವಕೀಲರ ಕೈಯಲ್ಲಿ.

ಆಮೇಲೆ ಇನ್ನೂ ಮೂರ್ನಾಲ್ಕು ಜನರ ಜೊತೆ ಆಸ್ಪತ್ರೆ, ಸ್ಟೇಷನ್, ಕೋರ್ಟು ಅಂತ ಓಡಾಡಿದೆ. ನಾನು ವಕೀಲೆಯಲ್ಲ, ಬೆಂಚಿನ ಮೇಲೆ ಪಕ್ಕದಲ್ಲಿ ಕೂರುವವಳು, ಅಷ್ಟೆ. ಗಂಡನ ಮನೆಯಲ್ಲಿ ಏಟು ತಿಂದು ಬಂದವಳಿಗೆ ಆ ಹೊತ್ತಿಗೆ ತನ್ನ ಮಗುವಿನ ಹುಟ್ಟಿದ ದಿನವೂ ನೆನಪಿಗೆ ಬರುವುದಿಲ್ಲ. ಕೇಳಬೇಕಾದ್ದನ್ನು ಕೇಳುವುದು, ಕೊಟ್ಟ ಕಾಗದಕ್ಕೆ ಸೀಲು ಹಾಕಿಸಿಕೊಳ್ಳುವುದು ಪಕ್ಕದಲ್ಲಿರುವವರ ಕೆಲಸ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಜೀವಕ್ಕೆ ಅಪಾಯ ಅನ್ನಿಸಿದರೆ ಬೇರೆ ಯೋಚನೆ ಬೇಡ, 112ಕ್ಕೆ ಫೋನ್ ಮಾಡಿ. ಮನೆ ನಂಬರ್ ಜೊತೆ ಹತ್ತಿರದ ದೇವಸ್ಥಾನವೋ ಬಸ್ ಸ್ಟಾಪೋ ಯಾವುದಾದರೂ ಗುರುತು ಹೇಳಿ. ಅಷ್ಟು ತುರ್ತಿಲ್ಲ, ಏನು ಮಾಡಬೇಕೋ ಗೊತ್ತಾಗುತ್ತಿಲ್ಲ ಅಂದರೆ 181, ಅದು ಮಹಿಳಾ ಸಹಾಯವಾಣಿ. ಮಕ್ಕಳಿಗೂ ಏಟು ಬೀಳುತ್ತಿದ್ದರೆ 1098. "ನಾವು ಪಕ್ಕದ ಮನೆಯವರು, ನಮಗ್ಯಾಕೆ" ಅನ್ನುವವರು ಜಾಸ್ತಿ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಿರುವ ಯಾರು ಬೇಕಾದರೂ ರಕ್ಷಣಾಧಿಕಾರಿಗೆ (ಅವರು ಯಾರು ಅಂತ ಮುಂದೆ ಹೇಳುತ್ತೇನೆ) ಹೇಳಬಹುದು. ಒಳ್ಳೆಯ ಉದ್ದೇಶದಿಂದ ಹೇಳಿದವರ ಮೇಲೆ ಕೇಸು ಹಾಕೋಕೆ ಬರುವುದಿಲ್ಲ.

ಅವಳು ನಿಮ್ಮ ಹತ್ತಿರ ಬಾಯಿಬಿಟ್ಟಾಗ "ಇಷ್ಟು ದಿನ ಯಾಕೆ ಸಹಿಸಿಕೊಂಡೆ?" ಅಂತ ಮಾತ್ರ ಕೇಳಬೇಡಿ. "ನಾಳೆಯೇ ಬಂದುಬಿಡು" ಅಂತ ಒತ್ತಾಯವೂ ಬೇಡ. ಮನೆ ಬಿಟ್ಟು ಹೊರಡುವ ಹೊತ್ತು, ಹೊರಟ ಮೇಲಿನ ಕೆಲವು ವಾರ, ಇವೇ ಜಾಸ್ತಿ ಅಪಾಯದ ಸಮಯ. ಯಾವಾಗ ಹೊರಡಬೇಕು ಅಂತ ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಗಂಡನಿಗೆ ಫೋನ್ ಮಾಡಿ ಬುದ್ಧಿ ಹೇಳುವ ಹೀರೋಗಿರಿಯಂತೂ ಬೇಡವೇ ಬೇಡ, ನೀವು ಫೋನ್ ಇಟ್ಟ ಮೇಲೆ ಅದರ ಏಟು ಬೀಳುವುದು ಅವಳಿಗೇ. ಯಾವ ಹೊತ್ತಿನಲ್ಲಿ ಫೋನ್ ಮಾಡಿದರೆ ತೊಂದರೆಯಿಲ್ಲ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಅವಳ ವಾಟ್ಸಾಪ್ ಬೇರೆ ಕಂಪ್ಯೂಟರಿನಲ್ಲಿ ತೆರೆದಿದೆಯಾ, ಲೊಕೇಶನ್ ಯಾರಿಗಾದರೂ ಹೋಗುತ್ತಿದೆಯಾ, ಅದನ್ನೂ ಒಮ್ಮೆ ನೋಡಿ. ಆದರೆ ಇದ್ದಕ್ಕಿದ್ದಂತೆ ಎಲ್ಲ ಆಫ್ ಮಾಡಿದರೂ ಅವನಿಗೆ ಅನುಮಾನ ಬರುತ್ತೆ.

ಕಾಗದಪತ್ರಗಳನ್ನು ಒಂದೊಂದೇ ಹೊರಗೆ ತರಬಹುದು. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಮದುವೆಯ ಲಗ್ನಪತ್ರಿಕೆ. ಮದುವೆ ಆಲ್ಬಮ್ಮಿನಲ್ಲಿ ಒಡವೆ ಹಾಕಿಕೊಂಡಿರುವ ಫೋಟೋ ಇರುತ್ತಲ್ಲ, ಅದನ್ನು ಮರೆಯಬೇಡಿ, ತವರಿನವರು ಕೊಟ್ಟ ಬಂಗಾರವನ್ನು ವಾಪಸ್ ಕೇಳುವಾಗ ಬಿಲ್ಲಿಲ್ಲದವರ ಕೈಹಿಡಿಯುವುದು ಅದೇ. ತರಲಾಗದಿದ್ದರೆ ಫೋಟೋ ತೆಗೆದು ನಿಮ್ಮ ಫೋನಿಗೆ ಕಳಿಸಿ ಅವಳ ಫೋನಿನಲ್ಲಿ ಅಳಿಸಲಿ. ಆಧಾರ್ ಮಾತ್ರ ಅಸಲಿಯೇ ಕೈಯಲ್ಲಿದ್ದರೆ ಒಳ್ಳೆಯದು, ಶಕ್ತಿ ಯೋಜನೆಯ ಬಸ್ಸಿಗೂ ಅದನ್ನು ತೋರಿಸಬಹುದು, ಕೈಯಲ್ಲಿ ಐದು ಪೈಸೆ ಇಲ್ಲದೆ ಹೊರಟವಳು ಅಮ್ಮನ ಮನೆವರೆಗೂ ಹೋಗಬಹುದು. ಗೃಹಲಕ್ಷ್ಮಿಯ 2,000 ರೂಪಾಯಿ ಬೀಳುವ ಖಾತೆಯ ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿದ್ದರೆ ಬ್ಯಾಂಕಿಗೆ ಹೋಗಿ ಅದನ್ನು ಬ್ಲಾಕ್ ಮಾಡಿಸಿ. ಇದನ್ನೂ ಹೊರಟ ಮೇಲೇ ಮಾಡಿ, ಮುಂಚೆ ಅಲ್ಲ.

ಗಾಯವಾಗಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆ. ಅತ್ತೆ, ಗಂಡ, ನಾದಿನಿ ಯಾರೇ ಜೊತೆ ಬಂದಿದ್ದರೂ "ಸ್ವಲ್ಪ ಅವಳೊಬ್ಬಳನ್ನೇ ಮಾತಾಡಿಸಿ ಡಾಕ್ಟ್ರೇ" ಅಂತ ನೀವು ಬಾಯಿಬಿಟ್ಟು ಹೇಳಬೇಕು. ಯಾರು ಹೊಡೆದರು, ಯಾವುದರಿಂದ, ಯಾವಾಗ, ಈ ಮೂರೂ ಅವಳ ಬಾಯಿಂದಲೇ ಬಂದು ಕಾಗದದ ಮೇಲೆ ಬೀಳಲಿ. ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಬರುವ ಗಾಯ ಅಂತ ಆಸ್ಪತ್ರೆಯವರು ಮಾಡುವ ದಾಖಲೆ, ಅದನ್ನು ಮಾಡಿ ಅಂತ ಕೇಳಿ, ಅದರ ನಂಬರ್ ಬರೆದುಕೊಳ್ಳಿ. ದೂರು ಕೊಟ್ಟಿಲ್ಲ ಅನ್ನುವ ಕಾರಣಕ್ಕೆ ಚಿಕಿತ್ಸೆ ಕೊಡದೆ ಕಳಿಸುವ ಹಾಗಿಲ್ಲ, ಕಾಯ್ದೆಯ ನಿಯಮದಲ್ಲೇ ಹಾಗಿದೆ. ಕಂದಿದ ಗುರುತುಗಳು ಎರಡನೇ ದಿನ ಇನ್ನೂ ಚೆನ್ನಾಗಿ ಕಾಣುತ್ತವೆ, ಹಾಗಾಗಿ ಫೋಟೋಗಳನ್ನು ಅವತ್ತೊಮ್ಮೆ, ಮಾರನೇ ದಿನ ಇನ್ನೊಮ್ಮೆ ತೆಗೆಯಿರಿ, ಮುಖ ಕಾಣುವ ಒಂದಾದರೂ ಇರಲಿ.

ಆಸ್ಪತ್ರೆಯಲ್ಲಿದ್ದಾಗಲೇ 'ಸಖಿ' ಎಲ್ಲಿದೆ ಅಂತ ಕೇಳಿ. 2015ರಲ್ಲಿ ಶುರುವಾದ ಒನ್ ಸ್ಟಾಪ್ ಸೆಂಟರುಗಳಿವು. ಬಹಳ ಕಡೆ ಜಿಲ್ಲಾಸ್ಪತ್ರೆಯ ಆವರಣದಲ್ಲೇ ಇರುತ್ತವೆ. ಚಿಕಿತ್ಸೆ, ಆಪ್ತ ಸಮಾಲೋಚನೆ, ಪೊಲೀಸ್ ಮತ್ತು ಕಾನೂನು ನೆರವು ಒಂದೇ ಸೂರಿನಡಿ ಸಿಗಲಿ ಅಂತ ಮಾಡಿದ್ದು. ಐದು ದಿನದವರೆಗೆ ಉಳಿದುಕೊಳ್ಳಬಹುದು. ಸ್ವಲ್ಪ ದೊಡ್ಡ ಗಂಡು ಮಗ ಜೊತೆಗಿದ್ದರೆ ಅವನನ್ನು ಸೇರಿಸಿಕೊಳ್ಳುತ್ತಾರಾ ಅಂತ ಮೊದಲೇ ಕೇಳಿಬಿಡಿ, ರಾತ್ರಿ ಹತ್ತು ಗಂಟೆಗೆ ಬಾಗಿಲಲ್ಲಿ ನಿಂತು ಗೊತ್ತಾದರೆ ಕಷ್ಟ. ಇನ್ನೂ ಹೆಚ್ಚು ದಿನ ಇರಬೇಕಾದರೆ ಶಕ್ತಿ ಸದನ, ಹಿಂದೆ ಸ್ವಾಧಾರ ಗೃಹ ಅನ್ನುತ್ತಿದ್ದರಲ್ಲ, ಅದು. ಕೆಲವು ತಾಲ್ಲೂಕುಗಳಲ್ಲಿ ಸಾಂತ್ವನ ಕೇಂದ್ರಗಳಿವೆ. ಬೆಂಗಳೂರಲ್ಲಾದರೆ ವನಿತಾ ಸಹಾಯವಾಣಿ, 1091.

ಈಗ ದೂರಿನ ವಿಷಯ. ದಾರಿ ಎರಡಿವೆ. ಜನ ಇವನ್ನು ಕಲಸಿಬಿಡುತ್ತಾರೆ. ಒಂದು ಪೊಲೀಸ್ ಕೇಸು, ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕಿದ್ದ ಹಳೆಯ ಐಪಿಸಿ 498ಎ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 85. 2024ರ ಜುಲೈ 1ಕ್ಕಿಂತ ಮುಂಚೆ ನಡೆದದ್ದಕ್ಕೆ ಹಳೆಯ ಸೆಕ್ಷನ್ನೇ. ಅದು ಶಿಕ್ಷೆಯ ದಾರಿ, ಮೂರು ವರ್ಷದವರೆಗೆ ಜೈಲು. ಇನ್ನೊಂದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ, ಜನ 'ಡಿವಿ (ಡೊಮೆಸ್ಟಿಕ್ ವಯಲೆನ್ಸ್) ಕೇಸು' ಅನ್ನುವುದು. "ಅವರನ್ನು ಜೈಲಿಗೆ ಹಾಕಿಸೋದು ಬೇಡಕ್ಕ, ಹೊಡೆಯದೇ ಇದ್ದರೆ ಸಾಕು, ಇರೋಕೊಂದು ಮನೆ, ಮಕ್ಕಳ ಫೀಸು" ಅನ್ನುವವರಿಗೆ ಬೇಕಾಗಿರುವುದು ಈ ಎರಡನೆಯದು. ಎರಡನ್ನೂ ಒಟ್ಟಿಗೆ ಹಾಕಬಹುದು. ನನ್ನನ್ನು ಕೇಳಿದರೆ ಡಿವಿಯಿಂದ ಶುರುಮಾಡಿ ಅನ್ನುತ್ತೇನೆ, ತೀರಾ ದೊಡ್ಡ ಗಾಯವೋ ಕೊಲೆ ಬೆದರಿಕೆಯೋ ಇದ್ದಾಗ ಬಿಟ್ಟು. ಅಂಥದಕ್ಕೆ ನೇರ ಸ್ಟೇಷನ್ನೇ.

ಡಿವಿಗೆ ಹೋಗಬೇಕಾದ್ದು ರಕ್ಷಣಾಧಿಕಾರಿಯ ಹತ್ತಿರ. ಕರ್ನಾಟಕದ ತಾಲ್ಲೂಕುಗಳಲ್ಲಿ ಅದು ಸಿಡಿಪಿಒ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಅದೇ ಕಚೇರಿ. ವಿಳಾಸ ಗೊತ್ತಿಲ್ಲದಿದ್ದರೆ ಅಂಗನವಾಡಿ ಟೀಚರನ್ನು ಕೇಳಿ. ಅಲ್ಲಿ ಡಿಐಆರ್, ಕೌಟುಂಬಿಕ ಘಟನಾ ವರದಿ, ಬರೆಯುತ್ತಾರೆ. ದುಡ್ಡು ಕೊಡಬೇಕಿಲ್ಲ. ಅದನ್ನು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಅಧಿಕಾರಿ ಮೀಟಿಂಗಿಗೆ ಹೋಗಿದ್ದಾರೆ, ನಾಳೆ ಬನ್ನಿ ಅನ್ನುವುದು ಮಾಮೂಲು, ತಿಂಡಿ ಕಟ್ಟಿಕೊಂಡೇ ಹೋಗಿ.

ಹೋಗುವ ಹಿಂದಿನ ದಿನ ಇಬ್ಬರೂ ಕೂತು ನಡೆದದ್ದನ್ನು ಬರೆಯಿರಿ, ಇದು ಬಹಳ ಮುಖ್ಯ. "ಯಾವಾಗಲೂ ಹೊಡೀತಾರೆ" ಅಂದರೆ ಕೋರ್ಟಿಗೆ ಏನೂ ಹೇಳಿದ ಹಾಗಾಗುವುದಿಲ್ಲ. ತಾರೀಖು ನೆನಪಿಲ್ಲ ಅನ್ನುತ್ತಾಳೆ, ಸರಿ, ಹಬ್ಬ ಕೇಳಿ. ನನ್ನ ಜೊತೆ ಬಂದಿದ್ದ ಒಬ್ಬರಿಗೆ ವರ್ಷವೇ ನೆನಪಿರಲಿಲ್ಲ. ಆದರೆ "ಗೌರಿ ಹಬ್ಬದ ಹಿಂದಿನ ದಿನ, ಮೊರದ ಬಾಗಿನಕ್ಕೆ ಬಳೆ ತಂದಿದ್ದೆ, ಆ ಬಳೆಯೆಲ್ಲ ಕೈಯಲ್ಲೇ ಒಡೀತು" ಅಂದರು. ಮಗಳು ಆಗ ಯಾವ ಕ್ಲಾಸು ಅಂತ ಕೇಳಿದೆ, ಎರಡನೇ ಕ್ಲಾಸು. ವರ್ಷ ಸಿಕ್ಕಿತು, ಕ್ಯಾಲೆಂಡರ್ ನೋಡಿ ತಾರೀಖೂ ಸಿಕ್ಕಿತು. ಮೊದಲ ಸಲ ನಡೆದದ್ದು, ತೀರಾ ಕೆಟ್ಟದ್ದು, ಕೊನೆಯದು, ಕನಿಷ್ಠ ಈ ಮೂರು ಇಷ್ಟು ವಿವರವಾಗಿ ಇರಲಿ. ಸಂಬಳ ಕಿತ್ತುಕೊಳ್ಳುವುದು, ರೇಷನ್ನಿಗೆ ದುಡ್ಡು ಕೊಡದಿರುವುದು, ತವರಿಗೆ ಫೋನ್ ಮಾಡಲು ಬಿಡದಿರುವುದು, ಬೈಗುಳ, ಇವೂ ಈ ಕಾಯ್ದೆಯಲ್ಲಿ ದೌರ್ಜನ್ಯವೇ. ಹಾಸಿಗೆಯಲ್ಲಿ ನಡೆಯುವ ಬಲವಂತವೂ ಹೌದು. ಅದನ್ನು ನಿಮ್ಮೆದುರು ಹೇಳಲು ಅವಳಿಗೆ ಸಂಕೋಚವಾಗಬಹುದು, ಆಗ ನೀವೇ ಎದ್ದು ಹೊರಗೆ ಹೋಗಿ.

ಹೆಸರು ಹಾಕುವಾಗ ಹುಷಾರು. ಅತ್ತೆ, ನಾದಿನಿಯಂಥ ಹೆಂಗಸರ ಮೇಲೂ ಡಿವಿ ಹಾಕಬಹುದು, ಸುಪ್ರೀಂ ಕೋರ್ಟು ಹೇಳಿದೆ. ಹಾಗಂತ ದುಬೈಯಲ್ಲಿರುವ ಮೈದುನ, ನಾದಿನಿಯ ಗಂಡ ಎಲ್ಲರನ್ನೂ ಸೇರಿಸಿ ಅಂತ ಕೆಲವರು ಹೇಳಿಕೊಡುತ್ತಾರೆ. ಬೇಡ. ಮಾಡಿದವರ ಹೆಸರು, ಮಾಡಿದ್ದು ಏನು, ಅಷ್ಟೇ ಸಾಕು. ಸುಮ್ನೆ ಊರವರ ಹೆಸರೆಲ್ಲ ತುಂಬಿದರೆ ನಿಜವೂ ತೆಳ್ಳಗಾಗುತ್ತೆ.

ವಕೀಲರಿಗೆ ದುಡ್ಡಿಲ್ಲ ಅನ್ನುವ ಚಿಂತೆ ಬೇಡ. ಹೆಂಗಸರಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯದ ಮಿತಿಯೇ ಇಲ್ಲ. ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ, ಇಲ್ಲವೇ 15100. ಗಂಡನ ಊರಿನಲ್ಲೇ ಕೇಸು ಹಾಕಬೇಕು ಅಂತಿಲ್ಲ, ಅವಳು ಸದ್ಯಕ್ಕೆ ಉಳಿದುಕೊಂಡಿರುವ ಊರಿನಲ್ಲೂ ಹಾಕಬಹುದು. ವಕೀಲರಿಗೆ ಮೊದಲ ದಿನವೇ ಮಧ್ಯಂತರ ಆದೇಶ ಕೇಳಿ ಅಂತ ಹೇಳಿ, ಸೆಕ್ಷನ್ 23. ಕಾಯ್ದೆಯಲ್ಲಿ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಮುಗಿಸುವ ಪ್ರಯತ್ನ 60 ದಿನದೊಳಗೆ ಅಂತಿದೆ. ಓದೋಕೆ ಚೆನ್ನಾಗಿದೆ ಅಲ್ವಾ? ನಾನು ನೋಡಿದ ಯಾವುದೂ ಅಷ್ಟರಲ್ಲಿ ಮುಗಿದಿಲ್ಲ, ಅದಕ್ಕೇ ಮಧ್ಯಂತರ ಆದೇಶ. ಮುಟ್ಟಬಾರದು, ಮನೆಯಿಂದ ಹೊರಹಾಕಬಾರದು, ತಿಂಗಳಿಗೆ ಇಷ್ಟು ಕೊಡಬೇಕು, ಮಕ್ಕಳು ಸದ್ಯಕ್ಕೆ ತಾಯಿಯ ಹತ್ತಿರ ಇರಬೇಕು, ಇದೆಲ್ಲ ಕೇಳಬಹುದು. ರಕ್ಷಣಾ ಆದೇಶ ಮೀರಿದರೆ ಅದೇ ಅಪರಾಧ, ಒಂದು ವರ್ಷದವರೆಗೆ ಜೈಲು, 20,000ದವರೆಗೆ ದಂಡ, ಅಥವಾ ಎರಡೂ. "ಮನೆ ಮಾವನ ಹೆಸರಲ್ಲಿದೆ, ನಿನಗೇನಿದೆ ಇಲ್ಲಿ" ಅನ್ನುವ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಅವಳು ಸಂಸಾರ ಮಾಡಿದ ಮನೆ ಮಾವನ ಹೆಸರಲ್ಲಿದ್ದರೂ ಅಲ್ಲಿರುವ ಹಕ್ಕು ಕೇಳಬಹುದು ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಅದೇ ವರ್ಷದ ಇನ್ನೊಂದು ತೀರ್ಪಿನ ಪ್ರಕಾರ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯದ ಅಫಿಡವಿಟ್ ಹಾಕಬೇಕು, ದುಡ್ಡೂ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ.

ಸ್ಟೇಷನ್ನಿಗೆ ಹೋದರೆ ಒಂದು ಮಾತು ನೆನಪಿಡಿ, ಮುಚ್ಚಳಿಕೆ. "ಗಂಡ-ಹೆಂಡತಿ ಜಗಳ, ಕರೆಸಿ ಬುದ್ಧಿ ಹೇಳ್ತೀವಿ" ಅಂತ ಇಬ್ಬರ ಹತ್ತಿರವೂ ಬರೆಸಿಕೊಂಡು ಕಳಿಸುವುದುಂಟು. ಅವಳಿಗೆ ರಾಜಿ ಬೇಕಿದ್ದರೆ ಅದು ಅವಳಿಷ್ಟ. ಆದರೆ ಬರೆದದ್ದನ್ನು ನೀವು ಜೋರಾಗಿ ಓದಿ ಹೇಳಿ, "ನನ್ನದೂ ತಪ್ಪಿದೆ, ಇನ್ನು ಮುಂದೆ ದೂರು ಕೊಡುವುದಿಲ್ಲ" ಅನ್ನುವ ಸಾಲು ನಡುವೆ ಸೇರಿಕೊಂಡಿರುತ್ತದೆ. ಅದಿದ್ದರೆ ಸಹಿ ಬೇಡ. ಖಾಲಿ ಹಾಳೆಗಂತೂ ಬೇಡವೇ ಬೇಡ. ನಮ್ಮ ಲಿಮಿಟ್ಟಿಗೆ ಬರಲ್ಲ ಅಂದರೆ ಝೀರೋ ಎಫ್‌ಐಆರ್ ಕೇಳಿ, ಅದನ್ನು ಯಾವ ಸ್ಟೇಷನ್ನಿನಲ್ಲಾದರೂ ಬರೆಸಬಹುದು. ಎಫ್‌ಐಆರ್ ಪ್ರತಿ ಉಚಿತ. ಬರೀ ಅರ್ಜಿ ತೆಗೆದುಕೊಂಡರೆ ಹಿಂಬರಹ, ಅಂದರೆ ಅರ್ಜಿ ಬಂದಿದೆ ಅಂತ ಅವರೇ ಬರೆದುಕೊಡುವ ಕಾಗದ, ಕೇಳಿ. ಏನೂ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಎಸ್ಪಿಗೆ, ಬೆಂಗಳೂರಿನಂಥ ಕಡೆ ಡಿಸಿಪಿಗೆ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೂ ಅವಳು ವಾಪಸ್ ಅದೇ ಮನೆಗೆ ಹೋಗಬಹುದು. ನನ್ನ ಗೆಳತಿ ಎರಡು ಸಲ ಹೋದಳು. ಎರಡನೇ ಸಲ ನನಗೆ ಸಿಟ್ಟು ಬಂದು ಒಂದು ತಿಂಗಳು ಫೋನ್ ಮಾಡಲಿಲ್ಲ, ಆ ತಿಂಗಳೇ ಅವಳ ಕೈ ಮುರಿದಿತ್ತು. ಈಗ ಯಾರ ಜೊತೆ ಹೋದರೂ ಎಲ್ಲ ಕಾಗದವನ್ನೂ ಎರಡು ಸೆಟ್ ಜೆರಾಕ್ಸ್ ಮಾಡಿಸುತ್ತೇನೆ. ಒಂದು ಅವರ ತವರಿಗೆ, ಒಂದು ನಮ್ಮ ಮನೆಯ ಅಕ್ಕಿ ಡಬ್ಬದ ಹಿಂದೆ. ಅವರು ವಾಪಸ್ ಹೋಗಿದ್ದರೂ ಆ ಫೈಲನ್ನು ಎಸೆದಿಲ್ಲ.